ಕೂಗು ಕದ್ದವರು

ಸಿಂದಗಿ
೧೪ ನವೆಂಬರ್ ೨೦೨೪

ಪ್ರೀತಿಯ ಅವ್ವ,

ದೇವಣಗಾಂವದ ಕಸ್ತೂರೆವ್ವ ಅತ್ತೆ ಇಲ್ಲಿಯ ಸಂತೆಗೆ ಬಂದಿದ್ದಳು. ಅವಳ ಕೈಯಲ್ಲಿ ನನ್ನ ಫೋನ್ ಕೊಟ್ಟು ಕಳಿಸಿದ್ದೇನೆ. ಗಾಬರಿಯಾಗಬೇಡ, ಅದು ಕೆಟ್ಟಿಲ್ಲ. ಪಿಯು ಎರಡನೆಯ ವರ್ಷದ ಪರೀಕ್ಷೆ ಹತ್ತಿರ ಬಂತೆಂದು ಹಾಸ್ಟೆಲಿನಲ್ಲಿ ಫೋನ್ ಬಂದ್ ಮಾಡಿದ್ದಾರೆ. ಇನ್ನು ಮೇಲೆ ಕಾಗದ ಬರೆಯುತ್ತೇನೆ, ನೀನೂ ಬರೆ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಊರಿಗೇ ಹೆಚ್ಚು ಅಂಕ ತೆಗೆದವಳು ನಾನು ಎಂದು ಹೇಳುತ್ತಿರುತ್ತೀಯಲ್ಲ, ಈಗ ತೋರಿಸು.

ಫೋನನ್ನು ಟ್ರಂಕಿನಲ್ಲಿ ಇಡು. ಯಾರೂ ಆನ್ ಮಾಡುವುದು ಬೇಡ, ಬ್ಯಾಟರಿ ಹಾಳಾಗುತ್ತದೆ.

ಊಟ ಚೆನ್ನಾಗಿದೆ. ಓದು ಚೆನ್ನಾಗಿದೆ. ಎಲ್ಲವೂ ಚೆನ್ನಾಗಿದೆ. ಕಪ್ಪು ಮೂತಿಯ ಮರಿ ಈಗ ಹುಲ್ಲು ತಿನ್ನುತ್ತಿದೆಯೇ?

ನಿನ್ನ ಸುಜಾತಾ


ಅಗರಖೇಡ
೧೯ ನವೆಂಬರ್ ೨೦೨೪

ಮಗಳೇ ಸುಜಾತಾ,

ನಿನ್ನ ಕಾಗದ ಬಂತು. ಪೋಸ್ಟಿನವನು ಕೂಡ ಬೆರಗಾಗಿ, "ಯಾರರೆ ಕೋರ್ಟಿಗಿ ಕರದಾರೇನ್ರಿ ಶೇವಂತೆವ್ವಾರ?" ಎಂದು ಕೇಳಿದ. ನನ್ನ ಮಗಳು ಬರೆದದ್ದು ಎಂದು ಎದೆಯುಬ್ಬಿಸಿ ಹೇಳಿದೆ. ನೋಡು, ನಾನು ಹೇಗೆ ಅಚ್ಚುಕಟ್ಟಾಗಿ ಬರೆಯುತ್ತಿದ್ದೇನೆ. ಕಾಗದದಲ್ಲಿ 'ಐತಿ' ಎಂದು ಬರೆದರೆ ನಮ್ಮ ಮಾಸ್ತರರು ಕಿವಿ ಹಿಂಡುತ್ತಿದ್ದರು. ಆ ಕಿವಿನೋವು ಇನ್ನೂ ಉಪಯೋಗಕ್ಕೆ ಬರುತ್ತಿದೆ.

ಕಪ್ಪು ಮೂತಿಯದು ಹುಲ್ಲನ್ನಷ್ಟೇ ಅಲ್ಲ, ನನ್ನ ಸೀರೆಯ ಸೆರಗನ್ನೂ ತಿನ್ನುತ್ತಿದೆ. ಹಿಂಡನ್ನು ಈ ವಾರ ಗೊಬ್ಬರಕ್ಕೆಂದು ಬಸಂತರಾಯ ಗೌಡರ ಖಾಲಿ ಹೊಲದಲ್ಲಿ ತರುಬಿ ನಿಲ್ಲಿಸಿದ್ದೇವೆ. ಮೊನ್ನೆ ಹೊಳೆಯಲ್ಲಿ ನೀರು ಕುಡಿಯುವಾಗ ನಮ್ಮ ಕುರಿಗಳೂ ಆಚೆ ಓಣಿಯವರ ಕುರಿಗಳೂ ಕೂಡಿಬಿಟ್ಟವು. ನಿಮ್ಮಪ್ಪ ಊರಲ್ಲಿ ಇರಲಿಲ್ಲ. ನಾನೇ ದಂಡೆಯ ಮೇಲೆ ದೂರ ಹೋಗಿ ನಿಂತು ಕೂಗಿದೆ. ತಲೆ ಎತ್ತಿ ನೋಡಿದವು, ಮತ್ತೆ ನೀರಿಗೆ ಬಾಯಿ ಹಾಕಿದವು! ಇಷ್ಟು ವರ್ಷ ನುಚ್ಚು ಹಾಕಿದ್ದು ನಾನು, ಆದರೆ ಓಡಿ ಬರುವುದು ಮಾತ್ರ ಅಪ್ಪನ ಕೂಗಿಗೆ, ಇಲ್ಲವೇ ನಿನ್ನ ಕೂಗಿಗೆ. ಒಂದೊಂದು ಮನೆಯ ಹಿಂಡಿಗೆ ಒಂದೊಂದು ಕೂಗು, ಒಬ್ಬರದನ್ನು ಇನ್ನೊಬ್ಬರು ಕೂಗುವಂತಿಲ್ಲ, ಸರಿ. ಆದರೆ ನಾನೇನು ಪರಕೀಯಳೇ? ಕೊನೆಗೆ ನಿಮ್ಮಪ್ಪ ಬರುವ ತನಕ ದಂಡೆಯಲ್ಲಿ ಕೂತೆ.

ದೀಪಾವಳಿಗೆ ನಿನ್ನ ಜೊತೆ ಬಂದಿದ್ದಳಲ್ಲ, ಮುದ್ದೇಬಿಹಾಳದ ಶೈಲಶ್ರೀ, ಅವಳು ಹೇಗಿದ್ದಾಳೆ? "ಇನ್ನೊಮ್ಮಿ ಕೂಗ, ಇನ್ನೊಮ್ಮಿ ಕೂಗ" ಎಂದು ನಿನ್ನಿಂದ ಎಷ್ಟು ಸಲ ಕೂಗಿಸಿ ಫೋನಿನಲ್ಲಿ ಹಿಡಿದಳು! ಒಂದೇ ಖೋಲಿಯಲ್ಲಿ ಇರುವವರು, ಅವಳ ನಮಸ್ಕಾರ ಒಂದು ಸಾಲು ಸೇರಿಸಲು ಕಾಗದದಲ್ಲಿ ಜಾಗ ಇರಲಿಲ್ಲವೇ? ಇಬ್ಬರಿಗೂ ಶೇಂಗಾ ಉಂಡಿ ಕಳಿಸುತ್ತೇನೆ.

ನಿನ್ನ ಬೈಗುಳದ ಅವ್ವ,
ಶೇವಂತೆವ್ವ


ಸಿಂದಗಿ
೨೭ ನವೆಂಬರ್ ೨೦೨೪

ಅವ್ವ,

ಉಂಡಿ ಬೇಡ. ಕಳಿಸುವುದಾದರೆ ಒಬ್ಬಳಿಗೆ ಸಾಲುವಷ್ಟು ಕಳಿಸು.

ಶೈಲಶ್ರೀ ಚೆನ್ನಾಗಿದ್ದಾಳೆ. ಅವಳದೂ ನನ್ನದೂ ಓದುವ ಹೊತ್ತು ಬೇರೆ, ಹಾಗಾಗಿ ಮಾತು ಕಡಿಮೆ.

ನಾನು ಪಿಯು ಮುಗಿಸದೆ ಊರಿಗೆ ಬಂದರೆ ಅಪ್ಪ ಏನನ್ನುತ್ತಾನೆ? ಸುಮ್ಮನೆ ಕೇಳಿದೆ. ಹಿಂಡು ಕಾಯಲು ಒಬ್ಬರು ಬೇಕು ಎನ್ನುತ್ತಿದ್ದನಲ್ಲ.

ಫೋನ್ ಟ್ರಂಕಿನಲ್ಲೇ ಇದೆ ತಾನೇ?

ಸುಜಾತಾ


ಅಗರಖೇಡ
೮ ಡಿಸೆಂಬರ್ ೨೦೨೪

ಸುಜಾತಾ,

ಈ ಸಲ 'ಮಗಳೇ' ಎಂದು ಬರೆಯಲು ಮನಸ್ಸಿಲ್ಲ. ಕಾಲೇಜಿನಿಂದ ನೋಟಿಸು ಬಂದಿದೆ. ನಿನ್ನ ಹಾಜರಿ ಕಡಿಮೆಯಂತೆ. ಹೀಗೇ ಮುಂದುವರಿದರೆ ಪರೀಕ್ಷೆಗೆ ಕೂಡ್ರಿಸುವುದಿಲ್ಲವಂತೆ. ಜೀವಶಾಸ್ತ್ರದ ರಾಜೇಶ್ವರಿ ಮೇಡಂ ರುಜು ಮಾಡಿದ್ದಾರೆ. ಓದು ಚೆನ್ನಾಗಿದೆ, ಊಟ ಚೆನ್ನಾಗಿದೆ ಎಂದು ಬರೆದೆಯಲ್ಲ, ತರಗತಿಗೆ ಹೋಗದೆ ಎಲ್ಲಿ ಅಡ್ಡಾಡುತ್ತೀ? ಹಾಸ್ಟೆಲಿನವರು ಫೋನ್ ಕಸಿದುಕೊಂಡರು ಎಂದು ನಾನು ಊರೆಲ್ಲ ಅವರನ್ನು ಹೊಗಳಿಕೊಂಡು ಬಂದೆ. ಫೋನ್ ಮಾಡಿ ವಿಚಾರಿಸಿದರೆ ಅಂಥ ನಿಯಮವೇ ಇಲ್ಲ! ನನಗೆ ಸುಳ್ಳು ಹೇಳುವಷ್ಟು ದೊಡ್ಡವಳಾದೆಯಾ?

ಇಲ್ಲಿ ನಿಮ್ಮಪ್ಪನದು ಇನ್ನೊಂದು ರಂಪ. ಅವನ ಫೋನ್ ಹೊಳೆಯ ರಾಡಿಗೆ ಬಿತ್ತು. ನಾನು ಬೇಡವೆಂದರೂ ಟ್ರಂಕಿನಿಂದ ನಿನ್ನದನ್ನು ತೆಗೆದ. ಆನ್ ಮಾಡಿದ ಕೂಡಲೇ ನಿನ್ನ ತರಗತಿಯ ಗ್ರೂಪಿನಿಂದ ಟಣಟಣ ಎಂದು ಬಂದು ಬೀಳತೊಡಗಿತು. ಒಂದು ವಿಡಿಯೊ ಒತ್ತಿದ. ಯಾರೋ ಹುಡುಗರು ಬೆಂಚಿನ ಮೇಲೆ ಕೂತು ನಮ್ಮ ಹಿಂಡಿನ ಕೂಗು ಕೂಗುತ್ತಿದ್ದಾರೆ. ನಿಮ್ಮಪ್ಪ ಎದ್ದು ನಿಂತುಬಿಟ್ಟ.

"ಏ ಶೇವಂತಿ, ನಮ್ಮ ಕೂಗು ಕಲ್ಯಾಕತ್ತಾರ ಇವ್ರು! ಕುರಿ ಹೊಡಕೊಂಡು ಹೋಗೋ ಸಂಚು ಐತಿ ಇದು. ನೋಡಿಲ್ಲೆ, ಮರಿ ಚಿತ್ರಾ ಬ್ಯಾರೆ ಹಾಕ್ಯಾರ. ಯಾವ್ದನ್ನ ಮೊದ್ಲ ಒಯ್ಯಬೇಕಂತ ಗುರ್ತು ಮಾಡ್ಕೊಂಡಾರ!"

ಅಂದಿನಿಂದ ಬಡಿಗೆ ಹಿಡಿದು ಹೊಲದಲ್ಲೇ ಮಲಗುತ್ತಿದ್ದಾನೆ. ಈ ಥಂಡಿಯಲ್ಲಿ! ಬುಧವಾರ ಸಿಂದಗಿಗೆ ಬಂದು ಮೇಡಮ್ಮಿಗೇ ದೂರು ಕೊಡುತ್ತಾನಂತೆ.

ಇಷ್ಟು ಬರೆದು ಮಡಚಿಟ್ಟಿದ್ದೆ. ಈಗ ಮತ್ತೆ ಬಿಚ್ಚಿದೆ. ಆ ಮರಿಯ ಚಿತ್ರವನ್ನು ನಾನೂ ಹತ್ತಿರ ಹಿಡಿದು ನೋಡಿದೆ. ಮೂತಿ ಮರಿಯದು. ಕೆಳಗಿನ ಮೈ ಹುಡುಗಿಯದು, ಕಾಲೇಜಿನ ಅಂಗಿ ಹಾಕಿದೆ. ಹೆಗಲಿಗೆ ಇರುವ ಚೀಲದ ಮೇಲೆ ಕಂಬಳಿಯ ತೇಪೆ ಇದೆ. ಆ ತೇಪೆ ಹೊಲಿದವಳು ನಾನು.

ಮಗಳೇ, ಅಲ್ಲಿ ಏನು ನಡೆದಿದೆ?

ಅವ್ವ


ಸಿಂದಗಿ
೧೦ ಡಿಸೆಂಬರ್ ೨೦೨೪

ಅವ್ವ,

ಅಪ್ಪನನ್ನು ಕಳಿಸಬೇಡ. ಕಾಲಿಗೆ ಬೀಳುತ್ತೇನೆ, ಕಂಬಳಿ ಹೊದ್ದು ಅಪ್ಪ ಇಲ್ಲಿಗೆ ಬಂದರೆ ಅದನ್ನೂ ವಿಡಿಯೊ ಮಾಡುತ್ತಾರೆ.

ನಾನು ಒಂದು ದಿನವೂ ತರಗತಿ ತಪ್ಪಿಸಿಲ್ಲ. ದೀಪಾವಳಿಯಲ್ಲಿ ಶೈಲಶ್ರೀ ತೆಗೆದ ವಿಡಿಯೊವನ್ನು ತನ್ನ ಸ್ಟೇಟಸ್ಸಿಗೆ ಹಾಕಿದ್ದಳು. ನನ್ನನ್ನು ಕೇಳಿರಲಿಲ್ಲ, ಆದರೆ ಪ್ರೀತಿಯಿಂದಲೇ ಹಾಕಿದ್ದು. ಬಸವನ ಬಾಗೇವಾಡಿಯ ಅನಿಲಕುಮಾರ ಎಂಬ ಹುಡುಗ ನಮ್ಮ ತರಗತಿಯಲ್ಲಿದ್ದಾನೆ. ಅವನು ಅದನ್ನು ಇಳಿಸಿಕೊಂಡು ಗ್ರೂಪಿಗೆ ಹಾಕಿದ. ಮೊದಲ ದಿನ ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗು ತಪ್ಪಾಯಿತು ಅವ್ವ. ಇವಳಿಗೆ ನಡೆಯುತ್ತದೆ ಎಂದುಕೊಂಡರು. ಆಮೇಲೆ ನೀನು ನೋಡಿದ ಆ ಮರಿಯ ಸ್ಟಿಕರ್ ಬಂತು. ಗ್ರೂಪಿನಲ್ಲಿ ಒಂದು ಲೆಕ್ಕದ ಬಗ್ಗೆ ಕೇಳಿದರೆ ಉತ್ತರವಾಗಿ ಬರೀ ಮರಿಗಳು. ಆಮೇಲೆ ಯಾರೋ ನನ್ನ ಹೆಸರಿನಲ್ಲೇ ಒಂದು ಖಾತೆ ತೆಗೆದರು. ನನಗೆ ಗೊತ್ತಿಲ್ಲದ ಊರಿನವರು ಅದರಲ್ಲಿ ನಮ್ಮ ಬಗ್ಗೆ, ನಮ್ಮ ಮಂದಿಯ ಬಗ್ಗೆ ಏನೇನೋ ಬರೆದರು. ಅದನ್ನು ನಿನಗೆ ಓದಿ ಹೇಳಲಾರೆ.

ಈಗ ಹಾಜರಿ ತೆಗೆಯುವಾಗ ನನ್ನ ನಂಬರು ಬಂದರೆ ಸಾಕು, ಹಿಂದಿನ ಬೆಂಚಿನಲ್ಲಿ ನಮ್ಮ ಕೂಗಿನಂತೆ ಮೆಲ್ಲಗೆ 'ಟುರ್ರ್' ಎನ್ನುತ್ತಾರೆ. 'ಪ್ರೆಸೆಂಟ್' ಎನ್ನಲು ಬಾಯಿ ತೆರೆಯುತ್ತೇನೆ, ದನಿ ಬರುವುದಿಲ್ಲ. ಮೇಡಂ ತಲೆ ಎತ್ತುವುದಿಲ್ಲ, ಗೈರು ಎಂದು ಹಾಕಿ ಮುಂದಿನ ನಂಬರು ಕರೆಯುತ್ತಾರೆ. ಮೇಡಮ್ಮಿಗೆ ಹೇಳಬಹುದಿತ್ತು. ಹೇಳಬೇಕಾದರೆ ಆ ವಿಡಿಯೊವನ್ನು ಅವರಿಗೂ ತೋರಿಸಬೇಕಲ್ಲ. ಅವರೂ ನಕ್ಕರೆ?

ಶೈಲಶ್ರೀಯೂ ಒಂದು ದಿನ ನಕ್ಕಳು. ಒಂದೇ ದಿನ. ನಾನು ಅವಳ ಜೊತೆ ಮಾತು ಬಿಟ್ಟೆ.

ನನಗೆ ಪರೀಕ್ಷೆ ಬೇಡ. ಊರಿಗೆ ಬಂದು ಕುರಿ ಕಾಯೋಣ ಎಂದುಕೊಂಡೆ. ಆದರೆ ನಿನ್ನೆ ಬಚ್ಚಲಲ್ಲಿ ನಲ್ಲಿ ಬಿಟ್ಟು ನಮ್ಮ ಕೂಗು ಕೂಗಲು ನೋಡಿದೆ. ಅದೂ ಬರಲಿಲ್ಲ. ಇಲ್ಲಿ ಹಾಜರಿ ಹೇಳಲಾರೆ, ಅಲ್ಲಿ ಹಿಂಡು ಕರೆಯಲಾರೆ. ನಾನು ಎಲ್ಲಿ ಇರಲಿ ಅವ್ವ?

ಸುಜಾತಾ


ಸಿಂದಗಿ
೧೩ ಡಿಸೆಂಬರ್ ೨೦೨೪

ಶೇವಂತೆವ್ವ ಆಂಟಿಗೆ ಶೈಲಶ್ರೀಯ ನಮಸ್ಕಾರ.

ನೀವು ಈ ಕಾಗದ ಹರಿದು ಒಲೆಗೆ ಹಾಕಿದರೂ ಸರಿಯೇ, ಓದಿ ಹಾಕಿ. ಬೀರಣ್ಣ ಕಾಕಾ ಬುಧವಾರ ಬಂದಾಗ ಏನಾಯಿತೆಂದು ಸುಜಾತಾ ನಿಮಗೆ ಬರೆಯುವುದಿಲ್ಲ. ನಾಚಿಕೆಯಿಂದ ಅವಳು ಅಂದು ಸಂಜೆಯೆಲ್ಲ ಮುಸುಕು ಹಾಕಿ ಮಲಗಿದ್ದಳು.

ಕಾಕಾ ಹೆಗಲಿಗೆ ಕಂಬಳಿ ಹಾಕಿಕೊಂಡು ನೇರವಾಗಿ ರಾಜೇಶ್ವರಿ ಮೇಡಮ್ಮಿನ ಕೋಣೆಗೆ ಬಂದರು. ನಾನು ಅಲ್ಲಿ ರೆಕಾರ್ಡ್ ಪುಸ್ತಕ ಜೋಡಿಸುತ್ತಿದ್ದೆ. ಫೋನನ್ನು ಮೇಜಿನ ಮೇಲೆ ಇಟ್ಟು, "ಮೇಡಮ್ಮಾರ, ನಿಮ್ಮ ಸಾಲಿಯಾಗ ಕುರಿ ಕಳ್ಳರು ಅದಾರ್ರಿ" ಎಂದರು. ಮೇಡಂ ನಕ್ಕುಬಿಟ್ಟರು. ಆಮೇಲೆ ವಿಡಿಯೊ ನೋಡಿದರು. ಮುಂದಿನದನ್ನೂ ನೋಡಿದರು. ಸ್ಟಿಕರುಗಳನ್ನು ನೋಡುವಾಗ ಅವರ ಮುಖದಲ್ಲಿ ನಗು ಉಳಿದಿರಲಿಲ್ಲ. ಅನಿಲಕುಮಾರನನ್ನು ಕರೆಸಿದರು.

"ನನ್ನ ಹಿಂಡು ನಿನಗ ಏನ್ ಮಾಡಿತ್ತಪಾ?" ಎಂದು ಕಾಕಾ ಕೇಳಿದರು. ಸಿಟ್ಟಿನಿಂದ ಅಲ್ಲ, ನಿಜವಾಗಿಯೂ ತಿಳಿದುಕೊಳ್ಳಲೆಂದು.

"ಕುರಿ ಕದಿಯಾಕ ಅಲ್ರಿ ಕಾಕಾ, ಸುಮ್ನ ನಗಾಕಂತ ಚ್ಯಾಷ್ಟಿ ಮಾಡಿದ್ವಿ" ಎಂದ ಅನಿಲ.

"ಕುರಿ ಬ್ಯಾಡಾಗಿದ್ರ ಕೂಗು ಯಾಕ ತಗೊಂಡ್ರಿ? ಅದನ್ನ ಇಟ್ಕೊಂಡು ಏನ್ ಮಾಡ್ತೀರಿ ನೀವು?"

ಅನಿಲ ಮೇಜಿನ ಮೇಲಿದ್ದ ಫೋನನ್ನು ಬೋರಲು ಹಾಕಿದ.

ಮೇಡಂ ನನ್ನ ಕಡೆ ತಿರುಗಿ ಸುಜಾತಾ ತರಗತಿಗೆ ಬರುತ್ತಿದ್ದಳೇ ಎಂದು ಕೇಳಿದರು. ದಿನಾಲೂ ಬರುತ್ತಾಳೆ, ಕಿಟಕಿಯ ಪಕ್ಕ ಕೂಡ್ರುತ್ತಾಳೆ ಎಂದೆ. ನನ್ನ ಬಳಿ ಇದ್ದ ಸ್ಕ್ರೀನ್‌ಶಾಟುಗಳನ್ನೆಲ್ಲ ತೋರಿಸಿದೆ. ಅವುಗಳಲ್ಲಿ ನಾನು ಹಾಕಿದ ನಗುವ ಮುಖವೂ ಇತ್ತು, ಅದನ್ನು ತೆಗೆಯಲಿಲ್ಲ. ನಾನು ಒಬ್ಬಳೇ ನಗದೆ ಇದ್ದರೆ ಮುಂದಿನ ಮರಿ ನಾನೇ ಆಗುತ್ತೇನೆ ಎಂದು ಹೆದರಿದ್ದೆ ಆಂಟಿ.

ಆ ಸುಳ್ಳು ಖಾತೆಯ ಬಗ್ಗೆ ಮೇಡಂ ದೂರು ಕೊಟ್ಟರು, ಅದು ಈಗ ಬಂದ್ ಆಗಿದೆ. ಪ್ರಯೋಗಾಲಯದ ರೆಕಾರ್ಡಿನಲ್ಲಿ ಸುಜಾತಾಳ ಸಹಿ ಇದ್ದ ದಿನಗಳನ್ನು ನೋಡಿ ಹಾಜರಿ ತಿದ್ದಿದ್ದಾರೆ. "ನೀ ಬಾಯಿ ತೆಗಿಬ್ಯಾಡ, ಕೈ ಎತ್ತು ಸಾಕು. ನಾ ಇನ್ನ ತಲಿ ಎತ್ತಿ ನೋಡ್ತೇನಿ" ಎಂದು ಅವಳಿಗೆ ಹೇಳಿದರು. ಈಗ ಅವಳು ಕೈ ಎತ್ತುತ್ತಾಳೆ. ಆದರೆ ನನ್ನ ಜೊತೆ ಮಾತಾಡುವುದಿಲ್ಲ. ನಾನು ಏನು ಮಾಡಲಿ?

ಶೈಲಶ್ರೀ


ಅಗರಖೇಡ
೧೮ ಡಿಸೆಂಬರ್ ೨೦೨೪

ನನ್ನ ಮಗಳೇ,

ನಿನ್ನ ಕಾಗದ ಕೈಗೆ ಬರುವಷ್ಟರಲ್ಲಿ ನಿಮ್ಮಪ್ಪ ಸಿಂದಗಿಗೆ ಹೋಗಿ ಬಂದೂ ಆಗಿತ್ತು. ಒಳ್ಳೆಯದೇ ಆಯಿತು. ಮೊದಲೇ ಬಂದಿದ್ದರೆ ನಾನು ಅವನನ್ನು ತಡೆಯುತ್ತಿದ್ದೆ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಒಬ್ಬಳೇ ಅಷ್ಟು ನುಂಗಿಕೊಂಡು ಕೂತಿದ್ದೆಯಲ್ಲ, ನಾನು ಇಲ್ಲಿಂದ ಬೈದು ಬರೆದೆ. ಬಚ್ಚಲಿನ ಮಾತು ಓದಿದಾಗ ಅಡುಗೆಮನೆಗೆ ಹೋಗಿ ಅತ್ತೆ. ನಿಮ್ಮಪ್ಪನಿಗೆ ನಿಧಾನಕ್ಕೆ ಎಲ್ಲ ಬಿಡಿಸಿ ಹೇಳಿದೆ. ಕಂಬಳಿ ಕೊಡವಿ ಮಡಚಿಟ್ಟ. ಆಮೇಲೆ, "ಅಂದ್ರ ನಾ ಹೇಳಿದ್ದು ಖರೇನ ಆತಲ್ಲ, ಕಳವು ಮಾಡ್ಯಾರ" ಎಂದ. ಅವನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ, ಆದರೆ ಹೊಲದಲ್ಲಿ ಮಲಗುವುದನ್ನು ಬಿಟ್ಟಿದ್ದಾನೆ. ಬಿಟ್ಟು ಏನು ಪ್ರಯೋಜನ, ಥಂಡಿ ಹಿಡಿದು ಗಂಟಲು ಪೂರ್ತಿ ಕಟ್ಟಿದೆ. ನನ್ನನ್ನು ಕರೆಯಬೇಕಾದರೂ ತಾಟು ಬಡಿಯುತ್ತಾನೆ.

ಎಳ್ಳಮಾವಾಸ್ಯೆಗೆ ಬಾ. ಈ ಸಲ ಜೋಳ ಎದೆಮಟ್ಟ ಬಂದಿದೆ, ಬೆಳೆಗೆ ನೈವೇದ್ಯದ ಚರಗ ಚೆಲ್ಲಲು ಗೌಡರು ತಮ್ಮ ಜೋಳದ ಹೊಲಕ್ಕೇ ಕರೆದಿದ್ದಾರೆ. ಸಜ್ಜೆ ಕಡಬು, ಪುಂಡಿ ಪಲ್ಯ, ಶೇಂಗಾ ಹೋಳಿಗೆ ಎಲ್ಲ ಮಾಡುತ್ತೇನೆ. ಶೈಲಶ್ರೀಗೂ ಬರಲು ಬರೆದಿದ್ದೇನೆ. ಅವಳನ್ನು ಕ್ಷಮಿಸು ಎಂದು ನಾನು ಹೇಳುವುದಿಲ್ಲ, ಅದು ನಿನ್ನ ಮರ್ಜಿ. ಆದರೆ ಕಡಬು ತಿನ್ನಲು ಮಾತಿನ ಅಗತ್ಯವಿಲ್ಲ.

ಇನ್ನೊಂದು ಮಾತು, ಓದಿ ಹಾರಾಡಬೇಡ. ಆ ಅನಿಲಕುಮಾರನ ತಾಯಿ ಸುನಂದಾ ಫೋನ್ ಮಾಡಿದ್ದರು. ಮಗನನ್ನು ಕರೆತಂದು ನಮ್ಮ ಬಾಗಿಲಲ್ಲೇ ತಪ್ಪಾಯಿತು ಎನಿಸುತ್ತೇನೆ ಎಂದರು. ನೀನು ಬೇಡ ಎಂದರೆ ಬರುವುದಿಲ್ಲ. ಹೂಂ ಅಥವಾ ಊಹೂಂ, ಎರಡರಲ್ಲಿ ಒಂದನ್ನು ಬರೆ.

ಅವ್ವ


ಸಿಂದಗಿ
೨೧ ಡಿಸೆಂಬರ್ ೨೦೨೪

ಅವ್ವ,

ಹೂಂ.

ಆದರೆ ಅವನಿಗೆ ಹೋಳಿಗೆ ಒಂದೇ ಹಾಕು.

ಸುಜಾತಾ


ಸಿಂದಗಿ
೮ ಜನವರಿ ೨೦೨೫

ಪ್ರೀತಿಯ ಅವ್ವ,

ಅಮಾವಾಸ್ಯೆಯ ದಿನ ನೀನು ಹೊಲದಲ್ಲಿ ಪಾತ್ರೆ ಬಳಿಯುತ್ತಿದ್ದೆ. ಹೊಳೆಯ ಹತ್ತಿರ ಆದದ್ದನ್ನು ಅಪ್ಪ ಕೈಸನ್ನೆಯಲ್ಲಿ ಅರ್ಧ ಹೇಳಿದ್ದಾನೆ ಎಂದು ಬರೆದಿದ್ದೀಯ. ಸಂಜೆಯ ಬಸ್ಸಿನ ಗಡಿಬಿಡಿಯಲ್ಲಿ ನಾನು ಹೇಳದೆ ಬಂದ ಉಳಿದರ್ಧ ಕೇಳು.

ಊಟವಾದ ಮೇಲೆ ಅಪ್ಪ ಹಿಂಡಿಗೆ ನೀರು ಕುಡಿಸಲು ಹೊರಟ. ನಾನು, ಶೈಲಶ್ರೀ ಹಿಂದೆ ಹೋದೆವು. ಅನಿಲಕುಮಾರನೂ ಬಂದ. ಬೆಳಿಗ್ಗೆ ನಿನ್ನ ಮುಂದೆ ತಪ್ಪಾಯಿತು ಎಂದಿದ್ದನಲ್ಲ, ಅದು ಅವನ ತಾಯಿ ಬಾಯಿಪಾಠ ಮಾಡಿಸಿದ್ದೆಂದು ನನಗೆ ಗೊತ್ತಿತ್ತು. ದಂಡೆಯಲ್ಲಿ ಆಚೆ ಓಣಿಯವರ ಹಿಂಡೂ ಬಂದಿತ್ತು. ನೋಡುತ್ತಿದ್ದಂತೆ ಎರಡೂ ಕೂಡಿದವು. ಅವರು ತಮ್ಮ ಕಡೆ ನಿಂತು ಕೂಗತೊಡಗಿದರು. ಅಪ್ಪ ಬಾಯಿ ತೆರೆದ, ಗಾಳಿ ಮಾತ್ರ ಬಂತು. ನಮ್ಮ ಕೆಲವು ಕುರಿಗಳು ಅವರ ಹಿಂದೆಯೇ ಹೊರಟವು.

ಅಪ್ಪ ಅನಿಲನ ಬೆನ್ನು ತಟ್ಟಿ, ಕೂಗು ಎಂದು ಸನ್ನೆ ಮಾಡಿದ. ನಾನು ನೋಡುತ್ತಲೇ ನಿಂತೆ. ಇಷ್ಟು ದಿನ ಹಿಂದಿನ ಬೆಂಚಿನಲ್ಲಿ ಕೂತು ಅಷ್ಟು ಚಂದ ಕೂಗಿದವನು! ಅವನು ಕೂಗಿದ. ಒಂದು ಕುರಿಯೂ ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದ. ಕಪ್ಪು ಮೂತಿಯದು ಮಾತ್ರ ತಲೆ ಎತ್ತಿ ಅವನನ್ನು ನೋಡಿ, ಸೀನಿ, ಮತ್ತೆ ನೀರು ಕುಡಿಯಿತು. ಶೈಲಶ್ರೀ ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡಳು, ನನ್ನ ಕಡೆ ನೋಡಿ ಹೆದರಿ ಕೈ ಕೆಳಗಿಳಿಸಿದಳು. "ನಗ, ನಗ, ಈಗ ನಡೀತೈತಿ" ಎಂದೆ. ನವೆಂಬರಿನ ನಂತರ ನಾನು ಅವಳಿಗೆ ಆಡಿದ ಮೊದಲ ಮಾತು ಅದು.

ಅಷ್ಟರಲ್ಲಿ ನಮ್ಮವೂ ಕೂಡಿದ ಹಿಂಡು ಆಚೆ ಬದಿಯ ದಿಬ್ಬ ಹತ್ತಿತ್ತು. ಅಪ್ಪ ನನ್ನನ್ನು ನೋಡಿದ. ಏನೂ ಸನ್ನೆ ಮಾಡಲಿಲ್ಲ. ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅನಿಲ ಜೇಬಿನಿಂದ ಫೋನ್ ತೆಗೆದ.

"ಸುಜಾತಾ, ಹಿಡೀಲೇನು?" ಎಂದು ಕೇಳಿದ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

"ಬ್ಯಾಡ" ಎಂದೆ.

ಅವನು ಫೋನನ್ನು ಜೇಬಿಗೆ ಹಾಕಿ ಹಿಂದೆ ಸರಿದು ನಿಂತ. ಅವ್ವ, ಬೇಡ ಎಂದರೆ ಬೇಡವೇ ಆಗುತ್ತದೆ ಎಂದು ಆಗ ಕಂಡೆ. ದಂಡೆಯ ಮೇಲೆ ಏರಿ ಕೂಗಿದೆ. ಮೊದಲನೆಯದು ಒಡೆದು ಬಂತು. ಎರಡನೆಯದು ಸರಿಯಾಗಿ ಬಂತು. ನಮ್ಮವೆಲ್ಲ ಒಮ್ಮೆಲೇ ತಿರುಗಿ, ಆಚೆಯವರ ಕುರಿಗಳ ನಡುವೆ ದಾರಿ ಮಾಡಿಕೊಂಡು, ದೂಳೆಬ್ಬಿಸುತ್ತ ಓಡಿ ಬಂದವು. ನನ್ನ ಕಾಲಿಗೆಲ್ಲ ಸುತ್ತಿಕೊಂಡವು. ನಾನು ಅತ್ತೆ, ಖುಷಿಗೆ ಅತ್ತೆ. ಅಪ್ಪ ಎಣಿಸುವ ನೆಪದಲ್ಲಿ ಆಚೆ ಮುಖ ಮಾಡಿ ನಿಂತಿದ್ದ.

ಈಗ ಇಲ್ಲಿಯ ಸುದ್ದಿ. ಶೈಲಶ್ರೀ ನನ್ನ ಪಾಲಿನ ಉಂಡಿಯನ್ನೂ ತಿನ್ನುತ್ತಿದ್ದಾಳೆ, ಇನ್ನು ಮೇಲೆ ಇಬ್ಬರಿಗೆ ಕಳಿಸು. ಹೊಸ ಗ್ರೂಪ್ ಮಾಡಿದ್ದೇವೆ. ಯಾರದೇ ಫೋಟೊ ಹಾಕುವ ಮೊದಲು ಅವರನ್ನು ಕೇಳಬೇಕು ಎಂದು ಅನಿಲನೇ ಅದರ ಮೇಲೆ ಬರೆದಿದ್ದಾನೆ. ಎಲ್ಲರೂ ಒಳ್ಳೆಯವರಾಗಿದ್ದಾರೆ ಎಂದು ಹೇಳಲಾರೆ. ಹಿಂದಿನ ಬೆಂಚಿನ ಇಬ್ಬರು ಇನ್ನೂ ನನ್ನನ್ನು ಕಂಡು ಕಿಸಕ್ಕೆನ್ನುತ್ತಾರೆ. ಫೋನನ್ನು ಕಸ್ತೂರೆವ್ವ ಅತ್ತೆಯ ಕೈಯಲ್ಲಿ ಕಳಿಸು, ಅಪ್ಪನಿಗೆ ಬೇರೆ ಕೊಡಿಸು. ಆದರೆ ಕಾಗದ ಬರೆಯುವುದನ್ನು ಬಿಡಬೇಡ, ನಿನ್ನ ಬೈಗುಳ ಕಾಗದದಲ್ಲೇ ಚಂದ.

ಇವತ್ತು ರಾಜೇಶ್ವರಿ ಮೇಡಂ ಹಾಜರಿ ತೆಗೆಯುತ್ತಿದ್ದರು. ನನ್ನ ನಂಬರು ಬಂದಾಗ ಹಿಂದಿನಿಂದ ಯಾರೋ 'ಟುರ್ರ್' ಎಂದರು. ಮೇಡಂ ತಲೆ ಎತ್ತಿ, ನಾನು ಕೈ ಎತ್ತುವುದನ್ನು ಕಾಯುತ್ತ ಕಿಟಕಿಯ ಕಡೆ ನೋಡಿದರು. ನಾನು ಕೈ ಎತ್ತಲಿಲ್ಲ ಅವ್ವ. ಎದ್ದು ನಿಂತು, ಇಡೀ ತರಗತಿಗೆ ಕೇಳುವಂತೆ ಓಗೊಟ್ಟೆ.

ನಿನ್ನ ಮಗಳು, ಹಾಜರಿದ್ದಾಳೆ,
ಸುಜಾತಾ